ಅತ್ತಿಗೆ ಹೊಲಿದ ಮೆತ್ತೆ

ಊರಾಚೆ ವಿಮಾನ ಹಾರಿಸುವುದನ್ನು ಕಲಿಸುವ ಒಂದು ಸಣ್ಣ ಕ್ಲಬ್ಬು. ಅಲ್ಲಿ ಎಲ್ಲರಿಗೂ ಅವಳು ಅತ್ತಿಗೆ. ಗೇಟು ಕಾಯುವವನಿಗೆ ಅತ್ತಿಗೆ, ಕೈಯೆಲ್ಲ ಎಣ್ಣೆ ಮಾಡಿಕೊಂಡಿರುವ ಮೆಕ್ಯಾನಿಕ್‌ಗೆ ಅತ್ತಿಗೆ, ಅವಳಿಗಿಂತ ವಯಸ್ಸಿನಲ್ಲಿ ಎಷ್ಟೋ ದೊಡ್ಡವರಾದ, ಮೀಸೆ ಪೂರ್ತಿ ನೆರೆತ ಮುಖ್ಯ ಶಿಕ್ಷಕರಿಗೂ ಅತ್ತಿಗೆಯೇ. ಸರಿಯಾಗಿ ನೋಡಿದರೆ ಅವಳು ಅಲ್ಲಿ ಒಬ್ಬನಿಗೆ ಮಾತ್ರ ಅತ್ತಿಗೆಯಾಗಬೇಕು, ತನ್ನ ಗಂಡನ ತಮ್ಮನಿಗೆ. ಆದರೆ ಅವನು ಮಾತೆತ್ತಿದರೆ ‘ನಮ್ಮತ್ತಿಗೆ ಹೀಗಂದ್ರು, ನಮ್ಮತ್ತಿಗೆ ಹಾಗಂದ್ರು’ ಎಂದು ಹೇಳಿ ಹೇಳಿ, ಆ ನಂಟು ನೆಗಡಿಯ ಹಾಗೆ ಒಬ್ಬರಿಂದ ಒಬ್ಬರಿಗೆ ಅಂಟಿ ಕೊನೆಗೆ ಕ್ಲಬ್ಬಿಗೆಲ್ಲ ಹರಡಿಬಿಟ್ಟಿತ್ತು.

ಅವಳದು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಸೀಟು ಹೊಲಿಯುವ ಅಂಗಡಿ. ಮುಂದೆ ಅಂಗಡಿ, ಹಿಂದೆ ಅಡುಗೆಮನೆ, ಮರದ ಮೆಟ್ಟಿಲು ಹತ್ತಿದರೆ ಮೇಲೆ ಎರಡು ಕೋಣೆ. ಬಸ್ಸಿನ ಸೀಟು, ಸ್ಕೂಟರಿನ ಸೀಟು, ಕ್ಷೌರದಂಗಡಿಯ ಕುರ್ಚಿ, ಸೋಫಾ, ಹೀಗೆ ಕೂರುವುದಕ್ಕೆ ಸಂಬಂಧಪಟ್ಟ ಯಾವುದು ಹರಿದರೂ ಜನ ಅಲ್ಲಿಗೆ ಹೊತ್ತು ತರುತ್ತಿದ್ದರು. ಅಳತೆ ತೆಗೆದು ರೆಕ್ಸಿನ್ ಕತ್ತರಿಸುವುದು ಗಂಡನ ಕೆಲಸ, ಹೊಲಿಯುವುದು ಅವಳದು. ಗಂಡ ಅನ್ನುವವನು ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಇಷ್ಟು ವರ್ಷ ಸಂಸಾರ ಮಾಡಿದ ಮನುಷ್ಯ. ಜಗಳವಾಡಬೇಕೆಂದರೆ ಮೊದಲು ಸೂಜಿಗಳನ್ನು ಒಂದೊಂದಾಗಿ ತೆಗೆದಿಡಬೇಕು. ತೆಗೆದಿಡುವಷ್ಟರಲ್ಲಿ ಸಿಟ್ಟು ಇಳಿದಿರುತ್ತದೆ. ಹಾಗಾಗಿ ಆ ಮನೆಯಲ್ಲಿ ಮಾತಿನ ಪಾಲೆಲ್ಲ ಅವಳಿಗೇ ಬಂದಿತ್ತು.

ಅವಳಿಗೊಂದು ಜಂಬವಿತ್ತು. ಚಿನ್ನದ್ದಲ್ಲ, ಚೆಲುವಿನದೂ ಅಲ್ಲ. “ಬಟ್ಟೆ ಹರಿದೀತು, ಕುರ್ಚಿ ಮುರಿದೀತು, ನನ್ನ ಹೊಲಿಗೆ ಬಿಚ್ಚಿದ್ದನ್ನ ತೋರಿಸಿ ನೋಡೋಣ” ಅನ್ನುತ್ತಿದ್ದಳು. ಯಾರೂ ತೋರಿಸಿರಲಿಲ್ಲ. ಸ್ಕೂಟರು ಲಾರಿಯಡಿ ಸಿಕ್ಕಿ ನುಜ್ಜುಗುಜ್ಜಾದರೂ ಸೀಟಿನ ಅಂಚು ಮಾತ್ರ ಹೊಲಿದ ಹಾಗೇ ಇತ್ತಂತೆ ಎಂದು ಬೀದಿಯವರು ಹೇಳಿಕೊಳ್ಳುತ್ತಿದ್ದರು. ಮೇಣ ತಿಕ್ಕಿದ ದಾರ, ಎರಡೆಳೆ, ಹೋಗಿ ಬಂದು ಮತ್ತೆ ಹೋಗುವ ಹೊಲಿಗೆ, ಕೊನೆಗೊಂದು ಗಂಟು. ಆ ಗಂಟನ್ನು ಅವಳು ಹಲ್ಲಿನಲ್ಲಿ ಕಚ್ಚಿ ಎಳೆದು ನೋಡಿಯೇ ಬಿಡುತ್ತಿದ್ದಳು.

ಇನ್ನು ಮೈದುನನ ಸಂಗತಿ. ಅವನನ್ನು ಎಲ್ಲರೂ ಕರೆಯುತ್ತಿದ್ದುದು ಗುಬ್ಬಿ ಎಂದು. ಅವಳು ಮದುವೆಯಾಗಿ ಬಂದಾಗ ಅವನಿನ್ನೂ ಶಾಲೆಗೆ ಹೋಗುತ್ತಿದ್ದ. ಸಾಲಿನಲ್ಲಿ ಮೊದಲು ನಿಲ್ಲುವಷ್ಟು ಗಿಡ್ಡ. ಉದ್ದವಾದೀತು ಎಂಬ ಆಸೆಯಿಂದ ಅವನ ಚಡ್ಡಿಗಳ ಅಂಚನ್ನು ಅವಳು ದೊಡ್ಡದಾಗಿ ಮಡಿಸಿ ಹೊಲಿಯುತ್ತಿದ್ದಳು. ಆ ಮಡಿಕೆ ಬಿಚ್ಚುವ ಕಾಲ ಬರಲೇ ಇಲ್ಲ. ಅಂಥವನು ದೊಡ್ಡವನಾಗಿ ವಿಮಾನ ಹಾರಿಸಲು ಕಲಿಯುತ್ತೇನೆಂದು ಹೊರಟ. ಅಲ್ಲಿ ನೋಡಿದರೆ ಕಾಲಿಗೆ ಪೆಡಲು ಹೇಗೋ ಸಿಗುತ್ತಿತ್ತು, ಕಣ್ಣಿಗೆ ಮಾತ್ರ ಮುಂದಿನ ಗಾಜು ಸಿಗುತ್ತಿರಲಿಲ್ಲ. ಮನೆಗೆ ಬಂದು ಊಟದ ತಟ್ಟೆ ಮುಂದಿಟ್ಟುಕೊಂಡು ಕೂತ ಅವನ ಮುಖ ನೋಡಿ ಅವಳು ಹಳೆಯ ಕಂಬಳಿ ಮಡಿಸಿ, ಸೋಫಾ ಸ್ಪಂಜಿನ ತುಂಡು ತುರುಕಿ, ಉಳಿದ ರೆಕ್ಸಿನ್ ಹಾಕಿ ಒಂದು ಮೆತ್ತೆ ಹೊಲಿದುಕೊಟ್ಟಳು. ಆ ಮೆತ್ತೆಯ ಮೇಲೆ ಕೂತೇ ಅವನು ಕಲಿತ, ಅದರ ಮೇಲೆ ಕೂತೇ ಕಲಿಸುವವನಾದ. ಮದುವೆ ಆಗಲಿಲ್ಲ. ಯಾಕೋ ಎಂದು ಕೇಳಿದರೆ, “ಎರಡು ಸೀಟಿನ ವಿಮಾನ ಅತ್ತಿಗೆ, ಒಂದರಲ್ಲಿ ಯಾವಾಗ್ಲೂ ಯಾರಾದ್ರೂ ಕಲಿಯೋಕೆ ಬಂದು ಕೂತಿರ್ತಾರೆ” ಅನ್ನುತ್ತಿದ್ದ. ಅಣ್ಣ ಅತ್ತಿಗೆಯ ಮನೆಯ ಮೇಲಿನ ಒಂದು ಕೋಣೆ ಅವನದಾಗಿ ಉಳಿಯಿತು.

ಕ್ಲಬ್ಬಿನ ಹೊಲಿಗೆಯೆಲ್ಲ ಹೀಗೆ ಅವಳ ಪಾಲಿಗೆ ಬಂತು. ವಿಮಾನಕ್ಕೆ ಹೊದಿಸುವ ಕ್ಯಾನ್ವಾಸು, ಒಳಗಿನ ಸೀಟು, ಕೊನೆಗೆ ಗಾಳಿ ಎತ್ತ ಬೀಸುತ್ತಿದೆಯೆಂದು ತೋರಿಸಲು ಕಂಬದ ತುದಿಗೆ ಕಟ್ಟುವ ಉದ್ದನೆಯ ಬಟ್ಟೆ ಚೀಲ ಕೂಡ. ಬಸ್ಸಿನಲ್ಲಿ ಹೋಗುವಾಗ ಆ ಚೀಲ ದೂರದಿಂದ ಕಾಣಿಸಿದರೆ ಪಕ್ಕದಲ್ಲಿ ಕೂತವರಿಗೆ, “ಅದು ನಾನು ಹೊಲಿದದ್ದು” ಎಂದು ಹೇಳದೆ ಅವಳಿಗೆ ಇರಲಾಗುತ್ತಿರಲಿಲ್ಲ. ಆದರೆ ವಿಮಾನ ಮಾತ್ರ ಹತ್ತಿದವಳಲ್ಲ. ಗುಬ್ಬಿ ಕರೆದಾಗಲೆಲ್ಲ, “ನೆಲದ ಮೇಲಿನ ಕೆಲಸವೇ ಮುಗಿದಿಲ್ಲ ಕಣೋ” ಎಂದು ಜಾರಿಕೊಳ್ಳುತ್ತಿದ್ದಳು.

ಹಳೆಯ ಮೆತ್ತೆ ಕೂತು ಕೂತು ಚಪಾತಿಯ ಹಾಗೆ ಚಪ್ಪಟೆಯಾಗಿತ್ತು. ಹೊಸದು ಮಾಡಿಕೊಡುತ್ತೇನೆಂದು ಅವಳು ಹೊರಟಾಗ, ಕ್ಲಬ್ಬಿನಲ್ಲಿ ಬೆನ್ನುನೋವಿನ ಮುಖ್ಯ ಶಿಕ್ಷಕರು ನನಗೂ ಒಂದು ಅಂದರು. ಹೊಸದಾಗಿ ಸೇರಿದ್ದ ಶಿಕ್ಷಕಿ ನನಗೂ ಅಂದಳು. ಅವಳೂ ಅಷ್ಟೇನೂ ಎತ್ತರದವಳಲ್ಲ. ‘ಪುಟ್ಟ ಟೀಚರ್’ ಎಂದೇ ಎಲ್ಲರ ಬಾಯಲ್ಲಿ. ಅತ್ತಿಗೆ ಒಂದೇ ಥರದ ಮೂರು ಮೆತ್ತೆ ಹೊಲಿದಳು. ಈ ಸಲ ಮನಸ್ಸಿಗೆ ಒಂದು ಹೊಸ ವಿಚಾರ ಬಂತು. ಗುಬ್ಬಿ ದಿನಾ ಮೆತ್ತೆಯನ್ನು ಕಂಕುಳಲ್ಲಿ ಇರುಕಿಕೊಂಡು ಮನೆಯಿಂದ ಹೊರಡುವುದನ್ನು ನೋಡಿದರೆ ಕೋಳಿ ಕದ್ದುಕೊಂಡು ಓಡುವವನ ಹಾಗೆ ಕಾಣಿಸುತ್ತಿದ್ದ. ಬೀದಿಯ ಮಕ್ಕಳು ನಗುತ್ತಿದ್ದರು. ಅದಕ್ಕೇ ಅವಳು ಮೆತ್ತೆಯ ಒಂದು ಬದಿಗೆ ಬಸ್ಸಿನ ಸೀಟಿನ ಗಟ್ಟಿ ಪಟ್ಟಿಯಿಂದ ಒಂದು ಕುಣಿಕೆ ಮಾಡಿ ಹೊಲಿದಳು, ಹೆಗಲಿಗೆ ನೇತುಹಾಕಿಕೊಳ್ಳಲಿ ಎಂದು. ಪಟ್ಟಿ ಕತ್ತರಿಸಿಕೊಟ್ಟ ಗಂಡ ಹೆಗಲಿಗೆ ಸಲೀಸಾಗಿ ಹೋಗಲಿ ಎಂದು ಧಾರಾಳವಾಗಿ ಉದ್ದ ಬಿಟ್ಟ. ಅವಳು ಹೋಗಿ ಬಂದು, ಮತ್ತೆ ಹೋಗಿ ಬಂದು ಹೊಲಿದು, ಗಂಟನ್ನು ಹಲ್ಲಿನಲ್ಲಿ ಎಳೆದು ನೋಡಿದಳು. ಆನೆ ಕಟ್ಟಿದರೂ ಬರುವಂಥದಲ್ಲ.

ಮೂರನ್ನೂ ತಾನೇ ತೆಗೆದುಕೊಂಡು ಹೋದ ದಿನ ಆಕಾಶ ಒರೆಸಿಟ್ಟ ಗಾಜಿನ ಹಾಗಿತ್ತು. ಮುಖ್ಯ ಶಿಕ್ಷಕರು ಕುರ್ಚಿಯ ಮೇಲೆ ಮೆತ್ತೆ ಹಾಕಿ ಕೂತು, ಎದ್ದು, ಮತ್ತೆ ಕೂತು, “ಅತ್ತಿಗೆ, ಇನ್ನು ನಾನು ನಿವೃತ್ತಿ ಆಗೋದನ್ನ ಮುಂದಕ್ಕೆ ಹಾಕಬೇಕಾಗುತ್ತೆ” ಅಂದರು. ಪುಟ್ಟ ಟೀಚರ್ ಬಿಡಲಿಲ್ಲ. “ಗಾಳಿಚೀಲ ನೀವೇ ಹೊಲಿದದ್ದು ಅಂತೀರಿ. ಮೇಲಿಂದ ಹೇಗೆ ಕಾಣತ್ತೆ ಅಂತ ಒಂದ್ಸಲಾನೂ ನೋಡಿಲ್ಲ ಅಂದ್ರೆ ಹೇಗೆ?”

ಆ ಮಾತು ತಾಗಿತು. ಗುಬ್ಬಿ ಬಾಯಿ ಬಿಡುವ ಮೊದಲೇ ಅವಳು ಚಪ್ಪಲಿ ಸರಿಮಾಡಿಕೊಂಡು ನಿಂತಿದ್ದಳು. “ನಡಿ. ಆದ್ರೆ ಬೇಗ ಇಳಿಸ್ಬೇಕು.”

“ಇಳಿಯೋದೇನೂ ಕಷ್ಟ ಇಲ್ಲ ಅತ್ತಿಗೆ. ಎಲ್ಲಾ ವಿಮಾನಾನೂ ಇಳಿಯತ್ತೆ.”

ಅವನ ಸೀಟಿಗೆ ಮೆತ್ತೆ ಹಾಕಿದ್ದು ಅವಳೇ. ಅಂಚಿನ ಚಂದದ ಹೊಲಿಗೆ ಬಾಗಿಲ ಕಡೆ, ನಾಲ್ಕು ಜನಕ್ಕೆ ಕಾಣುವ ಹಾಗಿರಲಿ ಎಂದು ತಿರುಗಿಸಿ, ಕುಣಿಕೆಯನ್ನು ಎರಡು ಸೀಟುಗಳ ನಡುವೆ ಬಿಟ್ಟು, ಮೇಲೆ ಎರಡು ಸಲ ತಟ್ಟಿ, “ಕೂರು ಮಹಾರಾಜ” ಅಂದಳು.

ನೆಲ ಕೆಳಗೆ ಹೋದದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಗಾಳಿಚೀಲ ಮೇಲಿಂದ ಮೆಣಸಿನಕಾಯಿಯಷ್ಟಿತ್ತು. ಇಷ್ಟಕ್ಕಾ ಇಷ್ಟು ಬಟ್ಟೆ ಹಿಡಿಸಿತು ಎಂದುಕೊಂಡಳು. ಬಸ್ ನಿಲ್ದಾಣ, ನೀರಿನ ಟ್ಯಾಂಕು, ಅದರ ಪಕ್ಕ ಬೀದಿ. ಗುಬ್ಬಿ ಸೀಟಿನಲ್ಲಿ ಅರ್ಧ ತಿರುಗಿ, ಎದ್ದಂತೆ ಮಾಡಿ, ಅವಳ ಕಡೆಯ ಕಿಟಕಿಯಾಚೆ ಬೆರಳು ತೋರಿಸಿದ. “ಅದೋ ನಮ್ಮನೆ. ಕಾಣಿಸ್ತಾ? ನೀಲಿ ತಗಡು.”

“ಎಲ್ಲೋ?”

“ಅಲ್ಲಿ ನೋಡಿ, ಅಣ್ಣ ಬಾಗಿಲಲ್ಲೇ ನಿಂತಿರ್ಬೇಕು.” ಇನ್ನಷ್ಟು ತಿರುಗಿದ. ಕಾಣಿಸಿತು. ಅವಳು ಅಷ್ಟು ಎತ್ತರದಿಂದ, ಕಾಣಿಸದ ಗಂಡನಿಗೆ ಕೈ ಬೀಸಿದಳು. ಗುಬ್ಬಿ ನಗುತ್ತ ನೆಟ್ಟಗೆ ಕೂತ, ಮೆತ್ತೆಯನ್ನು ಕೆಳಗೆ ಸರಿಮಾಡಿಕೊಂಡ.

ಸ್ವಲ್ಪ ಹೊತ್ತಿನಲ್ಲೇ ಇಂಜಿನ್ ಕೆಮ್ಮಿತು. ಒಂದು ಸಲ, ಇನ್ನೊಂದು ಸಲ, ಆಮೇಲೆ ಸುಮ್ಮನಾಯಿತು.

ಹೊಲಿಗೆ ಮಿಷನ್ನಿನ ಬೆಲ್ಟು ಜಾರಿದರೆ ಚಕ್ರ ತಿರುಗುತ್ತಿರುತ್ತದೆ, ಸೂಜಿ ಮಾತ್ರ ಇಳಿಯುವುದಿಲ್ಲ. ಆಗ ಕೋಣೆಯಲ್ಲಿ ಒಂದು ಥರದ ಖಾಲಿ ಸದ್ದು ಇರುತ್ತದಲ್ಲ, ಅದೇ ಸದ್ದು ಆಕಾಶದಲ್ಲಿ. ಮುಂದಿನ ಪಂಖದ ರೆಕ್ಕೆಗಳು ಸೋಮಾರಿಗಳಂತೆ ಗಾಳಿಗೆ ತಿರುಗುತ್ತಿದ್ದವು.

“ನಿಂತೋಯ್ತಾ?” ಅಂದಳು.

“ನಿಂತೋಯ್ತು. ಸೊಂಟದ ಪಟ್ಟಿ ಬಿಗಿ ಮಾಡ್ಕೊಳ್ಳಿ ಅತ್ತಿಗೆ.” ಅವನ ದನಿ ಚಹಾ ಬೇಕಾ ಎಂದು ಕೇಳಿದಷ್ಟೇ ಸಾಧಾರಣವಾಗಿತ್ತು. ಆ ಸಾಧಾರಣ ದನಿಯೇ ಅವಳನ್ನು ಹೆದರಿಸಿತು. ಅವನು ಮೂಗನ್ನು ತುಸು ತಗ್ಗಿಸಿ, ವಿಮಾನವನ್ನು ಊರಿನಿಂದ ಆಚೆಗೆ ತಿರುಗಿಸಿ, ಕೊಯ್ಲು ಮುಗಿದ ಒಂದು ಹಳದಿ ಹೊಲವನ್ನು ಗದ್ದದಿಂದಲೇ ತೋರಿಸಿದ. “ಅಲ್ಲಿಗೆ ಹೋಗ್ತಿದೀವಿ.” ಆಮೇಲೆ ಕೈ ಒಂದೊಂದೇ ಗುಂಡಿಯನ್ನು, ಹಿಡಿಕೆಯನ್ನು ಮುಟ್ಟುತ್ತ ಬಂತು. ಕೊನೆಗೆ ಕೆಳಗೆ, ಸೀಟುಗಳ ನಡುವೆ ಹೋಗಿ ಅಲ್ಲೇ ನಿಂತಿತು. ಏನನ್ನೋ ಎಳೆದ. ಬರಲಿಲ್ಲ. ಹಲ್ಲು ಕಚ್ಚಿ ಮತ್ತೆ ಎಳೆದ. ಹಣೆಯ ಬೆವರು ಮೂಗಿನ ತುದಿಗೆ ಬಂದು ನಿಂತಿತ್ತು. ಅವಳು ಕೆಳಗೆ ನೋಡಲಿಲ್ಲ. ಹೊಲ ದೊಡ್ಡದಾಗುತ್ತಿದ್ದುದನ್ನು ಬಿಟ್ಟು ಬೇರೇನನ್ನೂ ನೋಡುವ ಧೈರ್ಯ ಇರಲಿಲ್ಲ.

“ಬಂತು” ಎಂದು ಅವನು ತನ್ನಷ್ಟಕ್ಕೆ ಅಂದುಕೊಂಡ. ಇಂಜಿನ್ ಒಮ್ಮೆ ಗುರ್ ಅಂದಿತು. ಆದರೆ ಬೇಲಿ ಆಗಲೇ ಕಾಲಡಿಗೆ ಬಂದಿತ್ತು. “ಇನ್ನು ಬೇಡ” ಎಂದು ಎಲ್ಲವನ್ನೂ ತಾನೇ ಆರಿಸಿಬಿಟ್ಟ. “ಬಾಗಿಲು ಸ್ವಲ್ಪ ತೆಗೆದಿಟ್ಕೊಳ್ಳಿ. ತಲೆ ಬಗ್ಗಿಸಿ.”

ಚಕ್ರ ನೆಲ ಮುಟ್ಟಿತು, ಹಾರಿತು, ಮತ್ತೆ ಮುಟ್ಟಿತು. ಒಣ ಕಡ್ಡಿಗಳು ಹೊಟ್ಟೆಯಡಿಯಲ್ಲಿ ಪಟಪಟ ಮುರಿದವು. ಮುಂದಿನ ಚಕ್ರ ಒಂದು ಕಾಲುವೆಯ ಅಂಚಿಗೆ ಸಿಕ್ಕಿ ಲಟಕ್ಕೆಂದಿತು. ವಿಮಾನ ಮೂಗು ನೆಲಕ್ಕೂರಿ, ಬಾಲ ಎತ್ತಿ, ನಿಂತಿತು.

“ಇಳಿದ್ವಾ?”

“ಇಳಿದ್ವಿ.”

“ಹಾಗಾದ್ರೆ ನನ್ನ ಕೈ ಬಿಡು.”

“ನೀವೇ ಹಿಡ್ಕೊಂಡಿರೋದು ಅತ್ತಿಗೆ.”

ನೋಡಿದರೆ ಹೌದು. ಅವನ ತೋಳಿನಲ್ಲಿ ಅವಳ ಉಗುರಿನ ಗುರುತುಗಳು ಸಾಲಾಗಿ, ಹೊಲಿಗೆ ಹಾಕಿದ ಹಾಗೆ ಮೂಡಿದ್ದವು.

ಇಳಿದು ದೂರ ಹೋಗಿ ನಿಲ್ಲಿ ಅಂದ. ಅವಳು ಹೋಗಿ ನಿಂತಳು. ಅವನು ಒಳಗೇ ಉಳಿದ. ತಲೆ ತಗ್ಗಿಸಿ ಕೆಳಗೆ ಏನೋ ಮಾಡುತ್ತಿದ್ದ. ಇಷ್ಟು ಹೊತ್ತು ಏನಪ್ಪಾ ಎಂದು ಅವಳು ಕೂಗುವಷ್ಟರಲ್ಲಿ ಬಂದ. ಮುರಿದ ವಿಮಾನದಿಂದ, ಆ ಹೊಲದ ನಡುವೆ, ಮೆತ್ತೆಯನ್ನು ಕಂಕುಳಲ್ಲಿ ಇರುಕಿಕೊಂಡು ಬಂದ. ಕೋಳಿ ಕದ್ದವನೇ ಸರಿ. ಅವಳಿಗೆ ನಗು ಬಂತು, ನಗುತ್ತ ನಗುತ್ತ ಅಳು ಬಂತು, ಎರಡೂ ಬೆರೆತು ಬಿಕ್ಕಳಿಕೆಯಾಯಿತು. ನಾನು ಕುಣಿಕೆ ಹೊಲಿದುಕೊಟ್ಟರೂ ಹಳೆಯ ಚಾಳಿ ಬಿಡಲಿಲ್ಲವಲ್ಲ ಇವನು, ಎಂದುಕೊಂಡಳು. ಅಷ್ಟೇ ಅಂದುಕೊಂಡದ್ದು.

ಆಮೇಲಿನ ದಿನಗಳು ಚೆನ್ನಾಗಿರಲಿಲ್ಲ. ಮೆಕ್ಯಾನಿಕ್ ಇಂಜಿನ್ ಬಿಚ್ಚಿ ನೋಡಿದ. ಏನೂ ಆಗಿರಲಿಲ್ಲ. ಪಂಖ ಬದಲಿಸಿ ನಡೆಸಿದರೆ ಹಾಡು ಹೇಳಿದ ಹಾಗೆ ನಡೆಯಿತು. ಟ್ಯಾಂಕಿನಲ್ಲಿ ಪೆಟ್ರೋಲೂ ಇತ್ತು, ಕಸ ನೀರು ಏನೂ ಇಲ್ಲ. ಹಾಗಾದರೆ ನಿಂತದ್ದು ಯಾಕೆ? ತನಿಖೆಗೆಂದು ಹೊರಗಿನಿಂದ ಒಬ್ಬ ಅಧಿಕಾರಿ ಬಂದರು, ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಅದನ್ನೇ ಹುಡುಕುವ ಮಧ್ಯವಯಸ್ಸಿನ ಹೆಂಗಸು. ಅವರ ಮುಂದೆ ಗುಬ್ಬಿ ಹೇಳಿದ್ದು ಇಷ್ಟೇ: “ಸೀಟುಗಳ ಮಧ್ಯೆ ಪೆಟ್ರೋಲ್ ಮುಚ್ಚೋ ಹಿಡಿಕೆ ಇದೆ. ಬೇರೆ ಹಿಡಿಕೆ ಅಂದ್ಕೊಂಡು ಅದನ್ನ ತಿರುಗಿಸಿಬಿಟ್ಟೆ. ನನ್ನ ಕೈತಪ್ಪು.”

ಅಷ್ಟು ವರ್ಷ ಕಲಿಸಿದವನು ಹಿಡಿಕೆ ಗುರುತು ತಪ್ಪುತ್ತಾನೆಯೇ? ಕ್ಲಬ್ಬಿನಲ್ಲಿ ಜನ ತಲೆ ಕೆರೆದುಕೊಂಡರು. ವಯಸ್ಸಾಯಿತು, ಮರೆವು ಶುರುವಾಗಿರಬೇಕು, ಪಾಪ ಅಂದರು. ಆ ‘ಪಾಪ’ ಬೈಗುಳಕ್ಕಿಂತ ಕೆಟ್ಟದ್ದು. ತನಿಖೆ ಮುಗಿಯುವ ತನಕ ಹಾರುವಂತಿಲ್ಲ ಎಂದಾಯಿತು. ಮುಗಿದ ಮೇಲೆ ಇನ್ನು ಯಾವತ್ತೂ ಕಲಿಸುವಂತಿಲ್ಲ ಎಂದಾಗುವುದೇ ಖಂಡಿತ ಎಂದು ಮುಖ್ಯ ಶಿಕ್ಷಕರೇ ಮೀಸೆ ತೀಡುತ್ತ ಹೇಳಿದರು.

ಗುಬ್ಬಿ ಮನೆಯಲ್ಲೇ ಉಳಿದ. ನೆಲ ಗುಡಿಸಿದ. ಸ್ಕ್ರೂ ಸಡಿಲವಾಗಿದ್ದ ಬಾಗಿಲುಗಳನ್ನೆಲ್ಲ ಬಿಗಿದ, ಸಡಿಲವಾಗದ್ದನ್ನೂ ಬಿಗಿದ. ಅಂಗಡಿಯ ಮೆಟ್ಟಿಲ ಮೇಲೆ ಕೂತು, ಕೀ ಗೊಂಚಲಿನಲ್ಲಿ ಸಿಕ್ಕಿಸಿಕೊಂಡಿದ್ದ ಮೊಂಡು ಚಾಕುವಿನಿಂದ ಸೇಬು ಹೆಚ್ಚುತ್ತಿದ್ದ. ಹೆಚ್ಚುತ್ತಿದ್ದ ಅನ್ನುವುದಕ್ಕಿಂತ ಗರಗಸದಿಂದ ಕೊಯ್ಯುತ್ತಿದ್ದ ಅನ್ನಬೇಕು. ತಲೆಯ ಮೇಲೆ ವಿಮಾನದ ಸದ್ದಾದರೆ ಕತ್ತೆತ್ತುತ್ತಿರಲಿಲ್ಲ. ಅತ್ತಿಗೆ ಮಿಷನ್ನಿನ ಹಿಂದಿನಿಂದ ಅದನ್ನೇ ನೋಡುತ್ತಿದ್ದಳು. ಆ ಕತ್ತು ಎತ್ತದಿರುವುದು ಅವಳಿಗೆ ಸಹಿಸಲಾಗುತ್ತಿರಲಿಲ್ಲ. ನಡುನಡುವೆ ಒಂದೆರಡು ಸಲ ಮಾತ್ರ, ಪೆಟ್ಟಿಗೆಯಲ್ಲಿರುವ ತನ್ನ ಸಾಮಾನು ತರುತ್ತೇನೆಂದು ಕ್ಲಬ್ಬಿಗೆ ಹೋಗಿ ಬರಿಗೈಯಲ್ಲಿ ಬಂದಿದ್ದ.

ಒಂದು ಮಧ್ಯಾಹ್ನ ಪುಟ್ಟ ಟೀಚರ್ ಅಂಗಡಿಗೆ ಬಂದಳು. ಗುಬ್ಬಿ ಹಿಂದೆ ಅಡುಗೆಮನೆಯಲ್ಲಿದ್ದ. ಅವಳ ಕೈಯಲ್ಲಿ ಮೆತ್ತೆ.

“ಅತ್ತಿಗೆ, ಬೇಜಾರು ಮಾಡ್ಕೋಬೇಡಿ.”

“ಮೊದಲು ಹೇಳು. ಬೇಜಾರು ಮಾಡ್ಕೊಳ್ಳೋದು ಬಿಡೋದು ಆಮೇಲೆ.”

“ಕುಣಿಕೆ ಬಿಚ್ಚಿಹೋಯ್ತು. ನಾನು ಎಳೀಲಿಲ್ಲ ಏನಿಲ್ಲ. ಬೆಳಿಗ್ಗೆ ಬಂದು ನೋಡಿದ್ರೆ ಇಲ್ಲ. ದೊಡ್ಡ ಮೇಷ್ಟ್ರ ಮೆತ್ತೇದೂ ಹೋಗಿದೆ.” ತಡೆದು, “ಅವರು ನಿಮಗೆ ಹೇಳ್ಬೇಡ ಅಂದಿದ್ರು. ಅತ್ತಿಗೆ ಕೈಗೂ ವಯಸ್ಸಾಯ್ತು, ಸುಮ್ನೆ ಯಾಕೆ ನೋಯಿಸೋದು ಅಂತ.”

ಅತ್ತಿಗೆಯ ಮುಖ ಸಪ್ಪಗಾಯಿತು. ಕತ್ತರಿಸುತ್ತಿದ್ದ ಗಂಡ ಕತ್ತರಿ ನಿಲ್ಲಿಸಿದ. ಇಷ್ಟು ವರ್ಷದಲ್ಲಿ ಆ ಅಂಗಡಿಯಲ್ಲಿ ಹಾಗೊಂದು ಮಾತು ಯಾರೂ ಆಡಿರಲಿಲ್ಲ.

ಅವಳು ಮೆತ್ತೆಯನ್ನು ಬೆಳಕಿಗೆ ಹಿಡಿದಳು. ನೋಡಿದಳು. ಹೊಲಿಗೆ ಬಾಚಣಿಗೆಯ ಹಲ್ಲಿನ ಹಾಗೆ ಒಂದೂ ತಪ್ಪದೆ ಅಲ್ಲೇ ಇತ್ತು. ಗಂಟು ಅಲ್ಲೇ ಇತ್ತು. ಹೋಗಿದ್ದು ಪಟ್ಟಿ, ಹೊಲಿಗೆಯಿಂದ ಒಂದು ಕೂದಲೆಳೆ ಮೇಲೆ. ತುದಿಯಲ್ಲಿ ನಾರು ಗುಂಜುಗುಂಜಾಗಿ ಎದ್ದಿತ್ತು.

“ಇದು ಬಿಚ್ಚಿದ್ದಲ್ಲ ಮಗೂ, ಯಾರೋ ಕೊಯ್ದದ್ದು” ಅಂದಳು. “ಕತ್ತರೀಲಿ ಅಲ್ಲ. ಚೂಪಾಗಿರೋ ಯಾವುದರಲ್ಲೂ ಅಲ್ಲ. ನೀನು ಹೋಗು, ನಾನು ಸರಿಮಾಡಿ ಕಳಿಸ್ತೀನಿ.”

ಪುಟ್ಟ ಟೀಚರ್ ಹೋದ ಮೇಲೆ ಅವಳು ಮೆಟ್ಟಿಲು ಹತ್ತಿ ಗುಬ್ಬಿಯ ಕೋಣೆಗೆ ಹೋದಳು. ಅವನ ಮೆತ್ತೆ ಮಂಚದ ಕೆಳಗಿತ್ತು. ಅದಕ್ಕೂ ಕುಣಿಕೆ ಇಲ್ಲ; ಅದೇ ನಾರು, ಅದೇ ಗುಂಜು. ಮಂಚದ ಮೇಲೆ ಕೂತಳು. ಹೊಲದಲ್ಲಿ ಅವನು ಒಳಗೇ ಉಳಿದದ್ದು ನೆನಪಾಯಿತು. ಕಂಕುಳಲ್ಲಿ ಇರುಕಿಕೊಂಡು ಬಂದದ್ದು ನೆನಪಾಯಿತು. ಸೀಟುಗಳ ನಡುವೆ ಕೈ ಹಾಕಿ ಹಲ್ಲು ಕಚ್ಚಿ ಎಳೆದದ್ದು, ‘ಬಂತು’ ಅಂದದ್ದು. ಅದಕ್ಕೂ ಮೊದಲು ತಾನೇ ಕುಣಿಕೆಯನ್ನು ಆ ನಡುವೆ ಇಳಿಬಿಟ್ಟು, ಮೇಲೆ ತಟ್ಟಿ, ‘ಕೂರು ಮಹಾರಾಜ’ ಅಂದದ್ದು. ಒಂದರ ಹಿಂದೆ ಒಂದು, ದಾರ ಪೋಣಿಸಿದ ಹಾಗೆ ಬಂದವು. ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಆಮೇಲೆ ಎದ್ದು ಕೆಳಗಿಳಿದಳು.

ಅಡುಗೆಮನೆಯಲ್ಲಿ ಗುಬ್ಬಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ.

“ನಿನ್ನ ಚಾಕು ಕೊಡಿಲ್ಲಿ.”

“ಯಾಕೆ ಅತ್ತಿಗೆ? ಅದು ಮೊಂಡು.”

“ಗೊತ್ತು ಮೊಂಡು ಅಂತ. ಮೂರು ಪಟ್ಟಿ ಕೊಯ್ಯೋಕೆ ತುಂಬಾ ಕಷ್ಟ ಆಗಿರ್ಬೇಕಲ್ಲ?”

ಅವನು ಬ್ರೆಡ್ಡು ಕೆಳಗಿಟ್ಟ. ಮಡಚಿದ ಚಾಕುವನ್ನು ಮೇಜಿನ ಮೇಲಿಟ್ಟ. ಶಾಲೆಯಲ್ಲಿ ಸಿಕ್ಕಿಬಿದ್ದಾಗ ಹೇಗೆ ನಿಲ್ಲುತ್ತಿದ್ದನೋ ಹಾಗೇ ನಿಂತ.

“ನನ್ನ ಹೊಲಿಗೆ ಬಿಚ್ಚಿತು ಅಂತ ಊರೆಲ್ಲ ಮಾತಾಡ್ತಿದೆ.”

“ಊರೆಲ್ಲ ಅಲ್ಲ. ಇಬ್ಬರೇ.”

“ನನಗೆ ಇಬ್ಬರೇ ಊರು. ಹೇಳು.”

ಹೇಳಿದ. ಮನೆ ತೋರಿಸಲು ತಿರುಗಿದಾಗ ಮೆತ್ತೆ ಜರುಗಿ ಕುಣಿಕೆ ಪೆಟ್ರೋಲಿನ ಹಿಡಿಕೆಗೆ ಸಿಕ್ಕಿದೆ. ಸರಿಯಾಗಿ ಕೂತಾಗ ಆ ಕುಣಿಕೆಯೇ ಹಿಡಿಕೆಯನ್ನು ಎಳೆದು ಮುಚ್ಚಿದೆ. ಬಿಡಿಸೋಣ ಅಂದರೆ ತನ್ನ ಭಾರವೇ ಅದರ ಮೇಲೆ. “ಬಂತು ಅನ್ನೋಷ್ಟರಲ್ಲಿ ಎತ್ತರ ಉಳಿದಿರ್ಲಿಲ್ಲ.”

“ಯಾಕೋ ಹೇಳ್ಲಿಲ್ಲ?”

“ಹೇಗೆ ಹೇಳ್ಲಿ ಅತ್ತಿಗೆ? ಹೊಲಿದದ್ದು ನೀವು, ಇಟ್ಟಿದ್ದು ನೀವು. ಗೊತ್ತಾದ್ರೆ ನೀವು ಮತ್ತೆ ಮಿಷನ್ ಮುಟ್ತೀರಾ? ನನಗೇನು, ಇವತ್ತಲ್ಲ ನಾಳೆ ಹಾರೋದು ನಿಲ್ಲಿಸ್ಲೇಬೇಕಿತ್ತು. ಅವರಿಬ್ಬರ ಮೆತ್ತೆ ಹಾಗೇ ಬಿಟ್ರೆ ಅವರಿಗೂ ಹೀಗೇ ಆಗತ್ತಲ್ಲ, ಅದಕ್ಕೇ ಹೋಗಿ ಕೊಯ್ದೆ.”

ಅವಳು ಕುರ್ಚಿ ಎಳೆದುಕೊಂಡು ಕೂತಳು. ಬ್ರೆಡ್ಡನ್ನು ಅವನ ಕಡೆಗೇ ತಳ್ಳಿದಳು.

“ನಿನ್ನ ಅಳತೆ ನನಗೆ ಗೊತ್ತು” ಎಂದಳು. “ಚಿಕ್ಕಂದಿನಿಂದ ಹೊಲಿದಿದೀನಿ. ನನ್ನ ತಪ್ಪನ್ನ ನೀನು ಹಾಕ್ಕೊಂಡು ಓಡಾಡಿದ್ರೆ ಅದು ನಿನಗೆ ಕೂರಲ್ಲ ಕಣೋ. ಮರೆವಿನವನು, ಪಾಪ ಅಂತ ನಿನ್ನನ್ನ ಅಂತಾರೆ, ನಾನು ಕೇಳಿಸ್ಕೊಂಡು ಸುಮ್ನಿರ್ಬೇಕಾ? ಅದೂ ಅಲ್ದೆ ನನ್ನ ಹೊಲಿಗೆ ಬಿಚ್ಚಿತು ಅನ್ನಿಸಿದ್ಯಲ್ಲ. ವಿಮಾನ ಬೀಳಿಸಿದಳು ಅಂತ ಬೇಕಾದ್ರೆ ಅನ್ನಲಿ, ತಡ್ಕೋತೀನಿ. ಹೊಲಿಗೆ ಬಿಚ್ಚಿತು ಅಂತ ಅನ್ನಬಾರದು.”

ಬಾಗಿಲಲ್ಲಿ ಗಂಡ ನಿಂತಿದ್ದ. ತುಟಿಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ಅಂಗಿಯ ಕಾಲರಿಗೆ ಚುಚ್ಚಿಕೊಂಡ. ಇಬ್ಬರೂ ಕಾದರು.

“ನಾಳೆ ಅಂಗಡಿ ಮುಚ್ಚೋಣ” ಅಂದ. “ನಾನೂ ಬರ್ತೀನಿ. ಪಟ್ಟಿ ಅಷ್ಟು ಉದ್ದ ಬಿಟ್ಟಿದ್ದು ನಾನು.”

ಮಾರನೆಯ ದಿನ ಮೂವರೂ ಬಸ್ಸಿನಲ್ಲಿ ಹೋದರು. ಅತ್ತಿಗೆಯ ಮಡಿಲಲ್ಲಿ ಗುಬ್ಬಿಯ ಮೆತ್ತೆ. ಬೆಳಿಗ್ಗೆ ಎದ್ದು ಅದಕ್ಕೆ ಮೊದಲಿದ್ದಷ್ಟೇ ಉದ್ದದ ಕುಣಿಕೆಯನ್ನು ಮತ್ತೆ ಹೊಲಿದಿದ್ದಳು, ಹಲ್ಲಿನಲ್ಲಿ ಎಳೆದು ನೋಡಿದ್ದಳು. ತನಿಖೆಯ ಅಧಿಕಾರಿ ಮುಖ್ಯ ಶಿಕ್ಷಕರ ಕೋಣೆಯಲ್ಲಿ ಕಾಗದಗಳ ನಡುವೆ ಕನ್ನಡಕ ಹುಡುಕುತ್ತಿದ್ದರು.

“ತಲೆ ಮೇಲಿದೆ ಮೇಡಂ” ಅಂದಳು ಅತ್ತಿಗೆ. “ನಿಮಗೆ ಒಂದು ತೋರಿಸ್ಬೇಕು. ನೀವು ಸೀಟಲ್ಲಿ ಕೂತ್ರೇನೇ ಗೊತ್ತಾಗೋದು.”

ಅಧಿಕಾರಿ ಏನು ಎಂದು ಕೇಳಿ, ಪೂರ್ತಿ ಕೇಳಿಸಿಕೊಂಡು, ಎದ್ದು ಬಂದರು. ಶೆಡ್ಡಿನಲ್ಲಿ ನಿಂತಿದ್ದ ಅದೇ ಥರದ ಇನ್ನೊಂದು ವಿಮಾನದಲ್ಲಿ ಅತ್ತಿಗೆ ಮೆತ್ತೆಯನ್ನು ಅಂದು ಇಟ್ಟ ಹಾಗೇ ಇಟ್ಟಳು. ತಟ್ಟಲಿಲ್ಲ. ಅಧಿಕಾರಿ ಹತ್ತಿ ಕೂತು, ಪಕ್ಕದ ಕಿಟಕಿಯಾಚೆ ಏನನ್ನೋ ತೋರಿಸುವವರಂತೆ ಎದ್ದು ತಿರುಗಿದರು, ನೆಟ್ಟಗಾದರು. ಏನೂ ಆಗಲಿಲ್ಲ. ಅತ್ತಿಗೆ ಒಂದು ಹೆಜ್ಜೆ ಮುಂದೆ ಬಂದಳು. “ಇನ್ನೂ ಸ್ವಲ್ಪ ತಿರುಗಿದ್ದ ಮೇಡಂ. ನನಗೆ ಮನೆ ಕಾಣಿಸಿರ್ಲಿಲ್ಲ” ಅಂದಳು. ಅಧಿಕಾರಿ ಇನ್ನೂ ಸ್ವಲ್ಪ ತಿರುಗಿ, ಕೂತು, ಮೆತ್ತೆ ಸರಿಮಾಡಿಕೊಂಡರು. ಕೆಳಗೆ ಹಿಡಿಕೆ ಮೆತ್ತಗೆ, ಯಾರೂ ಮುಟ್ಟದೆ, ಅಡ್ಡಕ್ಕೆ ತಿರುಗಿ ನಿಂತಿತು.

ಮುಖ್ಯ ಶಿಕ್ಷಕರು ಬೆನ್ನು ಮುಟ್ಟಿಕೊಂಡರು. ಅಧಿಕಾರಿ ಕುಣಿಕೆಯನ್ನು ಹಿಡಿದು ಎಳೆದರು. ಬರಲಿಲ್ಲ. ಎರಡೂ ಕೈಯಿಂದ ಎಳೆದರು.

“ಗಟ್ಟಿ ಹೊಲಿಗೆ.”

“ಅದೇ ತೊಂದರೆ ಆಯ್ತು ಮೇಡಂ” ಅಂದಳು ಅತ್ತಿಗೆ. “ಕೆಟ್ಟದಾಗಿ ಹೊಲಿದಿದ್ರೆ ಆವತ್ತೇ ಕಿತ್ತುಬರ್ತಿತ್ತು, ಇವನು ಇಂಜಿನ್ ಶುರುಮಾಡ್ಕೊಂಡು ಮನೆಗೆ ಬರ್ತಿದ್ದ.” ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು.

ಅಧಿಕಾರಿ ಕೆಳಗಿಳಿದು ಅವಳ ಭುಜದ ಮೇಲೆ ಒಂದು ಕ್ಷಣ ಕೈಯಿಟ್ಟರು. ಆಮೇಲೆ ಗುಬ್ಬಿಯ ಕಡೆ ತಿರುಗಿದರು. “ನೀವು ಇಳಿಸಿದ್ದು ಚೆನ್ನಾಗಿತ್ತು. ಇಳಿದ ಮೇಲೆ ಮಾಡಿದ್ದೆಲ್ಲ ಕೆಟ್ಟದಾಗಿತ್ತು. ಇಲ್ಲಿ ಎರಡು ಮೆತ್ತೆ ಕೊಯ್ದು ಬಂದ್ರಿ. ಬೇರೆ ಊರಿನ ಕ್ಲಬ್ಬಲ್ಲಿ ಇನ್ನೊಬ್ಬ ಅತ್ತಿಗೆ ಇದೇ ಥರ ಹೊಲಿದಿದ್ರೆ? ಅಲ್ಲಿಗೂ ಚಾಕು ತಗೊಂಡು ಹೋಗ್ತಿದ್ರಾ?”

ಅತ್ತಿಗೆ ಮೊದಲ ಸಲ ಅವನ ಪರವಾಗಿ ಬಾಯಿ ಹಾಕಲಿಲ್ಲ.

ಮುಚ್ಚಿಟ್ಟದ್ದಕ್ಕೆ ಅವನನ್ನು ಕೆಲವು ತಿಂಗಳು ಹಾರದಂತೆ ಕೂರಿಸಿದರು. ಆದರೆ ಕಲಿಸುವ ಹಕ್ಕು ಹೋಗಲಿಲ್ಲ. ಸೀಟಿನ ಮೇಲೆ ನೇತಾಡುವ ಯಾವುದೂ ಇರಬಾರದೆಂದು ಎಲ್ಲ ಕ್ಲಬ್ಬುಗಳಿಗೂ ಸೂಚನೆ ಹೋಯಿತು; ಅದರಲ್ಲಿ ಅತ್ತಿಗೆಯ ಹೆಸರಿರಲಿಲ್ಲ, ಮೆತ್ತೆಯ ಚಿತ್ರವಿತ್ತು. ಹೊಲಿಗೆ ಚೆನ್ನಾಗಿ ಕಾಣುವ ಹಾಗೆ ತೆಗೆದಿದ್ದರು. ಅದನ್ನು ಅವಳು ಮಡಿಸಿ ಮಿಷನ್ನಿನ ಖಾನೆಯಲ್ಲಿಟ್ಟಳು. ಒಂದಷ್ಟು ದಿನ ಮಿಷನ್ ಮುಂದೆ ಕೂತರೂ ಕಾಲು ಪೆಡಲಿನ ಮೇಲೆ ಸುಮ್ಮನೆ ಇರುತ್ತಿತ್ತು; ಆಗ ಗಂಡ ಕತ್ತರಿಸಿದ ತುಂಡನ್ನು ಅವಳ ಮುಂದೆ ತಳ್ಳುತ್ತಿದ್ದ, ಮಾತಿಲ್ಲದೆ. ಹಾಗೆ ತಳ್ಳಿ ತಳ್ಳಿಯೇ ಅವಳು ಮತ್ತೆ ಶುರುಮಾಡಿದ್ದು. ಆಮೇಲೆ ಅವಳಿಗೊಂದು ಹೊಸ ಅಭ್ಯಾಸ ಬಂತು. ಏನೇ ಹೊಲಿಯಲು ಕೊಟ್ಟರೂ, “ಇದು ಎಲ್ಲಿ ಇರತ್ತೆ, ಅಲ್ಲಿಗೆ ಕರ್ಕೊಂಡು ಹೋಗಿ” ಅನ್ನುತ್ತಿದ್ದಳು. ಹೋಗಿ ಕೂತು, ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ಕೈಕಾಲು ಆಡಿಸಿ ನೋಡುತ್ತಿದ್ದಳು. ಒಬ್ಬ ಕ್ಷೌರಿಕ ತನ್ನ ಕುರ್ಚಿಯಲ್ಲಿ ಅವಳು ಹಾಗೆ ಹೊರಳಾಡುವುದನ್ನು ಕಂಡು ಗಾಬರಿಬಿದ್ದನಂತೆ.

ಗುಬ್ಬಿ ಮತ್ತೆ ಹಾರುವ ದಿನ ಅವಳೂ ಹೊರಟಳು. ಯಾರೂ ಕರೆದಿರಲಿಲ್ಲ. ಹೊಸ ಮೆತ್ತೆಗೆ ಕುಣಿಕೆ ಇರಲಿಲ್ಲ. ಕೆಳಗೆ ಜಾರದ ಬಟ್ಟೆ, ಅಂಚೆಲ್ಲ ಒಳಗೆ ಮಡಿಸಿ ನುಣುಪು. ಮನೆಯಿಂದ ಅದನ್ನು ಅವನು ಕಂಕುಳಲ್ಲೇ ಇ‌ರುಕಿಕೊಂಡು ಬಂದ. ಬೀದಿಯ ಮಕ್ಕಳು ನಕ್ಕರು. ಅವಳೂ ನಕ್ಕಳು.

ಮೇಲೆ ಹೋದ ಮೇಲೆ ಬಸ್ ನಿಲ್ದಾಣ ಬಂತು, ನೀರಿನ ಟ್ಯಾಂಕು ಬಂತು. ಗುಬ್ಬಿ ಅಭ್ಯಾಸಬಲದಿಂದ ಅವಳ ಕಡೆ ತಿರುಗಲು ಹೋದ.

“ಮುಂದೆ ನೋಡ್ಕೊಂಡು ನಡೆಸು” ಅಂದಳು ಅತ್ತಿಗೆ, ಎರಡೂ ಕೈಯಿಂದ ಸೀಟಿನ ಅಂಚು ಹಿಡಿದು. “ನಮ್ಮನೆ ನಾನು ನೋಡಿದೀನಿ. ಅದೇನು ಎಲ್ಲಿಗೂ ಹೋಗಲ್ಲ.”